ಅರಿಷಿಣ ಹಚ್ಚಿದ ರೂಪಾಯಿ

ಕೊರಳಿನ ಲಿಂಗ ನೆಲಕ್ಕೆ ಬೀಳುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಇಷ್ಟು ಹೇಳಿದರೆ ಸಾಕು: ಆ ಲಿಂಗವನ್ನು ಎದೆಯ ಮೇಲೆ ಕಾಯುವುದು ಕರಡಿಗೆ, ನಿಂಬೆಹಣ್ಣಿನ ಗಾತ್ರದ ಬೆಳ್ಳಿಯ ಡಬ್ಬಿ. ಅದರ ಮುಚ್ಚಳ ತಾನಾಗಿ ತೆರೆಯಿತೆಂದರೆ ಅದನ್ನು ಮಾಡಿದ ಪತ್ತಾರನ, ಎಂದರೆ ಅಕ್ಕಸಾಲಿಗನ, ಕಸುಬು ಅಂದಿಗೆ ಮುಗಿಯಿತು. ನಮ್ಮ ಅಪ್ಪನ ಕಸುಬು ಹಾಗೆ ಮುಗಿಯಿತು.

ಲಕ್ಷ್ಮೇಶ್ವರ ಆಗ ಸಂಸ್ಥಾನದ ಊರು. ಸ್ವಾತಂತ್ರ್ಯಕ್ಕೆ ಇನ್ನೂ ಒಂದು ವರ್ಷವಿತ್ತು. ಊರಿನ ದೊಡ್ಡ ಹತ್ತಿ ದಲಾಲರ ತಾಯಿ ಮುಂಜಾನೆ ಹೊಸ್ತಿಲಿಗೆ ರಂಗೋಲಿ ಹಾಕಲು ಬಾಗಿದಾಗ ಕರಡಿಗೆ ಬಾಯಿ ಬಿಟ್ಟಿತು, ಲಿಂಗ ಕಲ್ಲಿನ ಮೇಲೆ ಬಿತ್ತು. ಮುಚ್ಚಳದ ಒಳಗೆ ಒಂದು ಕಂಠವಿರುತ್ತದೆ. ಕೆಳಗಿನ ಬಟ್ಟಲನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ತೆಳು ಪಟ್ಟಿ. ಅದು ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಎರಡು ವರ್ಷದ ಹಿಂದೆ ಅಪ್ಪನೇ ಮಾಡಿದ್ದ ಕರಡಿಗೆ ಅದು. ಬೆಳ್ಳಿ ದಲಾಲರ ತಾಯಿ ಆ ಅಜ್ಜಿಯದೇ, ತವರಿನಿಂದ ಬಂದ ರೂಪಾಯಿಗಳನ್ನು ಕರಗಿಸಲು ಆಕೆಯೇ ಕೊಟ್ಟಿದ್ದಳು.

ದಲಾಲರು ಅಪ್ಪನನ್ನು ಮನೆಗೆ ಕರೆಸಿದರು. ಒಳಗೆ ಕರೆಯಲಿಲ್ಲ, ಓಣಿಗೆ ಮುಖವಿದ್ದ ಕಟ್ಟೆಯ ಮುಂದೆ ನಿಲ್ಲಿಸಿದರು. ನಾನು ಅಲ್ಲಿರಲಿಲ್ಲ, ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ಯಾವುದೋ ವಿಷಯದ ಪರವಾಗಿಯೋ ವಿರೋಧವಾಗಿಯೋ ಮಾತಾಡುತ್ತಿದ್ದೆ. ಆದರೆ ಅಂದು ನಡೆದ ಮಾತನ್ನು ಓಣಿಯ ಹತ್ತು ಮಂದಿಯಿಂದ ಕೇಳಿ ಗಂಟುಹಾಕಿಕೊಂಡಿದ್ದೇನೆ.

"ಪತ್ತಾರ, ನಮ್ಮವ್ವ ಕೊಟ್ಟದ್ದು ರಾಣಿ ಛಾಪಿನ ರೂಪಾಯಿ. ನೀ ತಿರುಗಿ ಕೊಟ್ಟದ್ದು ಇದು. ಬೆಳ್ಳಿ ಎಲ್ಲಿ ಹೋತು?"

"ನಾ ಏನೂ ತಗೊಂಡಿಲ್ರಿ."

"ಹಂಗಾರ ಹಾರಿ ಹೋತೇನು? ಒಯ್ಯಿ ಇದನ್ನ. ನಿಮ್ಮ ಮನ್ಯಾಗ ಒಗ್ಗರಣಿ ಡಬ್ಬಿ ಮಾಡ್ಕೊ."

ಕರಡಿಗೆ ಅಪ್ಪನ ಕಾಲ ಹತ್ತಿರ ಬಿತ್ತು. ಅಪ್ಪ ಬಗ್ಗಿ ಎತ್ತಿಕೊಂಡು ಬಂದ. ಅಜ್ಜಿ ಐದು ದಿನ ಬರೀ ನೀರಿನ ಮೇಲಿದ್ದಳು. ಆಮೇಲೆ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು, ಬೆಳ್ಳಿಯನ್ನು ಮುಟ್ಟಲಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಯಳವತ್ತಿ, ಎಲ್ಲಿಂದಲೂ ಅಪ್ಪನನ್ನು ಯಾರೂ ಕರೆಯಲಿಲ್ಲ. ನಮ್ಮಲ್ಲಿ ಒಡವೆ ಮಾಡಿಸುವವರು ಪತ್ತಾರನನ್ನು ಮನೆಗೇ ಕರೆದು ಕಣ್ಣೆದುರಿಗೆ ಕುಲುಮೆ ಹೂಡಿಸುತ್ತಾರೆ. ಕರೆಯದಿದ್ದರೆ ಕೆಲಸವಿಲ್ಲ, ಅಷ್ಟೇ.

ನಾನು ಕಾಲೇಜು ಬಿಟ್ಟೆ. ಇದನ್ನು ತ್ಯಾಗವೆಂದು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಸ್ವಾತಂತ್ರ್ಯ ಬಂದ ಕೆಲವು ವಾರಗಳಲ್ಲಿ ಗದಗಿನ ಪಕ್ಕದ ಬೆಟಗೇರಿಯಲ್ಲಿ, ಮಗ್ಗದ ಮನೆಗಳ ನಡುವೆ, ಎರಡು ಕದದ ಒಂದು ಕೋಣೆ ಹಿಡಿದು, ಅಪ್ಪ ಅವ್ವನನ್ನೂ ಕರೆತಂದು, ನಾನು ಕರಡಿಗೆ ಅಂಗಡಿ ತೆರೆದದ್ದು ಹೊಟ್ಟೆಪಾಡಿಗಲ್ಲ, ಸೇಡಿಗೆ. ಅಪ್ಪನ ಕೈಯಲ್ಲಿ ಏನು ತಪ್ಪಿತ್ತು ಎಂಬುದು ನನಗೆ ಗೊತ್ತಾಗಬೇಕಿತ್ತು. ತಪ್ಪಿರಲಿಲ್ಲವೆಂದಾದರೆ ದಲಾಲರು ಅದೇ ಕಟ್ಟೆಯ ಮೇಲೆ, ಅದೇ ಓಣಿಗೆ ಕೇಳುವ ಹಾಗೆ ಅದನ್ನು ಹೇಳಬೇಕಿತ್ತು. ಕಸುಬು ಕಲಿಯದೆ ಕಸುಬಿನ ವಾದ ಮಾಡಲಾಗುವುದಿಲ್ಲ. ಅದಕ್ಕೆ ಅಂಗಡಿ.

ಕಷ್ಟವೇನೆಂದರೆ ನನಗೆ ಏನೂ ಬರುತ್ತಿರಲಿಲ್ಲ. ಓದುವ ಮಗನೆಂದು ಅಪ್ಪ ನನ್ನನ್ನು ಕುಲುಮೆಯ ಹತ್ತಿರ ಬಿಟ್ಟಿರಲಿಲ್ಲ. ಈಗ ಅವನು ಕುಲುಮೆಯ ಮುಂದೆ ಕೂಡ್ರಲು ಒಪ್ಪಲಿಲ್ಲ. ಹೊಸ್ತಿಲ ಮೇಲೆ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತಿದ್ದ.

"ಎಷ್ಟೊತ್ತು ಕಾಸ್ಬೇಕು?"

"ಕೆಂಪಾಗೂತನಾ."

"ಎಂಥಾ ಕೆಂಪು?"

"ನೋಡಿದ್ರ ಗೊತ್ತಾಗತೈತಿ."

ಇಂಥ ಪ್ರತಿವಾದಿಯ ಮುಂದೆ ಧಾರವಾಡದ ಚರ್ಚಾಕೂಟದ ಯಾವ ಬಹುಮಾನವೂ ನಡೆಯುವುದಿಲ್ಲ. ಬೆಳ್ಳಿ ಕರಗಿಸಿ ಎಣ್ಣೆ ಸವರಿದ ಕಬ್ಬಿಣದ ಅಚ್ಚಿಗೆ ಸುರಿಯಬೇಕು; ಗಟ್ಟಿಯಾದ ಪಟ್ಟಿಯನ್ನು ಬಡಿದು ತಗಡು ಮಾಡಬೇಕು; ಬಡಿದಷ್ಟೂ ಬೆಳ್ಳಿ ಬಿರುಸಾಗುವುದರಿಂದ ನಡುನಡುವೆ ಕಾಸಿ ಮೆದು ಮಾಡಬೇಕು. ತಗಡನ್ನು ಕಂಚಿನ ಗುಳಿಯಲ್ಲಿಟ್ಟು ದುಂಡು ತಲೆಯ ಸುತ್ತಿಗೆಯಿಂದ ಬಟ್ಟಲು ಇಳಿಸಬೇಕು. ನಾನು ಇಳಿಸಿದ ಮೊದಲ ಬಟ್ಟಲಿನ ತಳ ಹರಿದು ಸುತ್ತಿಗೆಯೇ ಆಚೆ ಬಂತು. ಎರಡನೆಯದಕ್ಕೆ ದಾರ ಪೋಣಿಸುವ ಕಿವಿ ಬೆಸೆಯುವಾಗ, ಬೆಸುಗೆಗೆ ಹಾಕುವ ಬಿಳಿಗಾರ ಹೆಚ್ಚಾಗಿ ಬೆಸುಗೆ ಹರಿದು ಹೋಗಿ ಬಟ್ಟಲೇ ಅರ್ಧ ಕರಗಿತು. ಅವ್ವ ಅಂಟವಾಳಕಾಯಿಯ ನೊರೆಯಲ್ಲಿ ಒಡವೆ ತಿಕ್ಕುವ ಕೆಲಸ ವಹಿಸಿಕೊಂಡಿದ್ದಳು. ತಿಕ್ಕಲು ಏನೂ ಇಲ್ಲದೆ ಕೂತಿದ್ದ ಒಂದು ದಿನ ಅಂದಳು: "ತಮ್ಮಾ, ಅದರ ಮುಂದ ನಿಂತು ಒಂದು ಭಾಷಣಾ ಮಾಡಿ ನೋಡು. ಕೇಳಿ ಬ್ಯಾಸತ್ತರ ತಾನ ದುಂಡಗ ಆದೀತು."

ಕೈ ಹತ್ತಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ತುಂಗಭದ್ರೆಯ ಆಚೆಯ ನಿಜಾಮನ ಸೀಮೆಯಲ್ಲಿ ಗಲಾಟೆ ಎದ್ದು, ಜನ ಹೊಳೆ ದಾಟಿ ಹಮ್ಮಿಗಿ, ಮುಂಡರಗಿಯ ಮೇಲೆ ಗದಗಿಗೆ ಬರತೊಡಗಿದ್ದರು. ಬೆಳ್ಳಿಯನ್ನು ದಾರಿಯಲ್ಲಿ ಕಳೆದುಕೊಂಡವರು, ಮಾರಿ ತಿಂದವರು. ಎಷ್ಟೋ ಮಂದಿಯ ಲಿಂಗ ಸೆರಗಿನ ಚೂರಿನಲ್ಲಿ ಕಟ್ಟಿತ್ತು. ಅವರಿಗಾಗಿ ತೆಳುವಾದ, ನಕ್ಷೆಯಿಲ್ಲದ, ಆದರೆ ಕಂಠ ಬಿಗಿಯಾದ ಕರಡಿಗೆ ಮಾಡಿದೆ. ಮಾಡಿದ್ದನ್ನು ಕೊಡುವ ಮೊದಲು ಒಳಗೆ ಒಂದು ಬೆಣಚುಕಲ್ಲು ಹಾಕಿ ತಲೆಕೆಳಗಾಗಿ ಹಿಡಿದು ಗಿರಾಕಿಯ ಮುಂದೆಯೇ ಅಲ್ಲಾಡಿಸಿ ತೋರಿಸುತ್ತಿದ್ದೆ. ಮುಚ್ಚಳ ಜರುಗಲಿಲ್ಲವೆಂದರೆ ಮಾತ್ರ ಅದು ಅವರದು. ಈ ಸುದ್ದಿ ನನಗಿಂತ ಮುಂಚೆ ಊರೂರಿಗೆ ಹೋಯಿತು.

ಹೀಗೆ ಅಲ್ಲಾಡಿಸುವಾಗಲೇ ಒಂದು ದಿನ ಒಂದು ಕಂಠ ಟಕ್ಕನೆ ಸೀಳಿತು.

ಅದು ಹೊಸ ಕರಡಿಗೆ. ಬೆಳ್ಳಿ ಗಿರಾಕಿಯದೇ, ರೂಪಾಯಿ ಕರಗಿಸಿದ್ದು. ಅಪ್ಪ ಅಂದು ಎತ್ತಿ ತಂದಿದ್ದ ಕರಡಿಗೆಯನ್ನು ನಾನು ಗೂಡಿನಿಂದ ತೆಗೆದು ಎರಡು ಸೀಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಸೀಳಿನ ಒಳಮೈ ಎರಡರಲ್ಲೂ ಒಂದೇ ಬಣ್ಣ: ಬೆಳ್ಳಿಯ ಬಿಳುಪಲ್ಲ, ಹಿತ್ತಾಳೆಗೆ ಬೂದಿ ಬಳಿದ ಹಾಗಿನ ಹಳದಿ. ಆ ಗಿರಾಕಿಯ ರೂಪಾಯಿಗಳಲ್ಲಿ ಕರಗಿಸದೆ ಉಳಿದಿದ್ದವನ್ನು ಸುರುವಿಕೊಂಡು ಒಂದೊಂದನ್ನೂ ತಿರುವಿ ನೋಡಿದೆ. ಮೇಲೆ ಎಲ್ಲ ಒಂದೇ ಬಿಳುಪು. ಅಂಚಿನಲ್ಲಿ ಮಾತ್ರ ಭೇದ. ಹಳೆಯವಕ್ಕೆ ಅಂಚಿನ ತುಂಬ ಸಾದಾ ಗೀರು. ಯುದ್ಧದ ಕಾಲದವಕ್ಕೆ ಗೀರುಗಳ ನಡುವೆ ಒಂದು ಕಾಲುವೆ ಕೊರೆದು ಅದರಲ್ಲಿ ಬೇರೆ ನಕ್ಷೆ. ಬೇರೆಬೇರೆ ಮೂಸೆಯಲ್ಲಿ ಒಂದೊಂದನ್ನು ಕರಗಿಸಿದೆ. ಹಳೆಯದು ನೀರಾಗಿ ಕರಗಿ ಕನ್ನಡಿಯ ಹಾಗೆ ನಿಂತಿತು. ಯುದ್ಧದ ರೂಪಾಯಿ ಬಿಳಿ ಹೊಗೆ ಕಾರಿತು, ಮೇಲೆ ಕೆನೆಗಟ್ಟಿತು, ಬಡಿದರೆ ಸುತ್ತಿಗೆಯನ್ನೇ ಪುಟಿಸಿತು, ನಾಲ್ಕನೆಯ ಏಟಿಗೆ ಅಂಚು ಬಿರಿಯಿತು.

ಒರೆಗಲ್ಲಿನ ಮೇಲೆ ಗೆರೆ ಎಳೆದು, ಲೋಹ ತಿನ್ನುವ ಆಮ್ಲವಾದ ತೇಜಾಬು ಹಾಕಿದೆ, ಮೇಲೆ ಒಂದು ಹನಿ ಉಪ್ಪುನೀರು. ಒಳ್ಳೆಯ ಬೆಳ್ಳಿಯ ಗೆರೆ ಮೊಸರಿನ ಹಾಗೆ ಬಿಳುಪಾಗಿ ಒಡೆಯುತ್ತದೆ. ಇದು ಹಸಿರು ಇಳಿಯಿತು. ಯುದ್ಧದಲ್ಲಿ ಸರಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕರ್ಧ ಇಳಿಸಿ ಉಳಿದದ್ದಕ್ಕೆ ತಾಮ್ರ ಮತ್ತೇನೇನೋ ಬೆರೆಸಿದೆ ಎಂದು ಗದಗಿನ ಸರಾಫರಿಗೆ, ಬೆಳ್ಳಿ ಬಂಗಾರದ ವ್ಯಾಪಾರಿಗಳಿಗೆ, ಗೊತ್ತಿತ್ತು. ಹುಣಸೆಹುಳಿಯಲ್ಲಿ ಕುದಿಸಿದರೆ ಮೇಲಿನ ತಾಮ್ರ ತಿಂದುಹೋಗಿ ಅದೂ ಬೆಳ್ಳಗೆ ಹೊಳೆಯುತ್ತದೆ. ಎರಡು ವರ್ಷದ ಬೆವರು ಬೇಕು ಬಣ್ಣ ಬಯಲಾಗಲು.

"ಅಪ್ಪಾ, ಆ ಅಜ್ಜಿ ರೂಪಾಯಿ ಅಂಚು ನೋಡಿದ್ದೇನು ನೀ?"

ಹೊಸ್ತಿಲಿನಿಂದ ಉತ್ತರ ಬಂತು: "ಅಂಚೂ ಕಾಣತಿರಲಿಲ್ಲ, ಛಾಪೂ ಕಾಣತಿರಲಿಲ್ಲ. ದಪ್ಪಗ ಅರಿಷಿಣ ಇತ್ತು."

"ತೊಳದು ನೋಡಬೇಕಾಗಿತ್ತು. ಕಲ್ಲಿಗೆ ಹಚ್ಚಬೇಕಾಗಿತ್ತು."

"ತವರಿಂದ ಬಂದ ರೂಪಾಯಿ, ದೀಪಾವಳಿಗೊಮ್ಮೆ ಪೂಜಾ ಮಾಡೂ ಲಕ್ಷ್ಮಿ. ಅದನ್ನ ಕಲ್ಲಿಗೆ ತಿಕ್ಕತಾರೇನಲೇ?"

ಇದೇ ಆ ತಪ್ಪು. ಬೇರೆ ಸೀಮೆಯ ಯಾವ ಕಸುಬುದಾರನೂ ಮಾಡಲಾರದ, ನಮ್ಮವರು ಮಾತ್ರ ಮಾಡಬಲ್ಲ ತಪ್ಪು. ಬಂಗಾರದಂಗಡಿಯ ಬಂಗಾರವನ್ನು ಕಲ್ಲಿಗೆ ಹಚ್ಚುತ್ತೇವೆ, ಒಡಹುಟ್ಟಿದವನು ತಂದ ಬೆಳ್ಳಿಯನ್ನೂ ಹಚ್ಚುತ್ತೇವೆ. ಅರಿಷಿಣ ಹಚ್ಚಿದ ತವರಿನ ರೂಪಾಯಿಯನ್ನು ಮಾತ್ರ ಹಚ್ಚುವುದಿಲ್ಲ. ಅದು ಲಕ್ಷ್ಮಿಯ ಕೆನ್ನೆಗೆ ಹೊಡೆದ ಹಾಗೆ. ನನಗೆ ಈ ಲಕ್ಷ್ಮಿಯಲ್ಲಿ ನಂಬಿಕೆಯಿಲ್ಲ. ಅಂದಿನಿಂದ ಅಂಗಡಿಯಲ್ಲಿ ಒಂದು ಹೊಸ ನಿಯಮ ಹಾಕಿದೆ: ಅರಿಷಿಣವಿರಲಿ ಕುಂಕುಮವಿರಲಿ, ತೊಳೆದು, ಅಂಚು ನೋಡಿ, ಕಲ್ಲಿಗೆ ಹಚ್ಚದೆ ಕರಗಿಸುವುದಿಲ್ಲ. ಕೋಟುಮಚಗಿಯಿಂದ ಬಂದಿದ್ದ ಒಬ್ಬಾಕೆ ನನ್ನ ಕೈಯಿಂದ ಗಂಟು ಕಸಿದುಕೊಂಡು, "ನಿಮ್ಮ ತಾಯಿ ತಾಳೀನೂ ತಿಕ್ಕಿ ನೋಡಪಾ ಮದಲ!" ಎಂದು ಬೈದು ಹೋದಳು. ಆ ತಿಂಗಳು ಅಂಗಡಿಗೆ ಅರ್ಧ ಮಂದಿಯೂ ಬರಲಿಲ್ಲ. ನಿಯಮ ಬದಲಿಸಲಿಲ್ಲ.

ಆದರೆ ದಲಾಲರ ಮನೆಯ ಪ್ರಶ್ನೆ ಬೇರೆ. ಆ ಅಜ್ಜಿ ಮದುವೆಯಾಗಿ ಬಂದದ್ದು ಬಿಳಿಯರ ರಾಣಿ ಆಳುತ್ತಿದ್ದ ಕಾಲದಲ್ಲಿ. ತವರು ಕೊಟ್ಟ ರೂಪಾಯಿ ಯುದ್ಧದ ರೂಪಾಯಿ ಹೇಗಾದೀತು? ಯಾರೋ ಬದಲಿಸಿದ್ದಾರೆ. ಬದಲಿಸಿದ ಮೇಲೆ ಅರಿಷಿಣ ಹಚ್ಚಿದ್ದಾರೆ. ಮನೆಯ ಒಳಗಿನವರೇ ಮಾಡಿದ್ದಾರೆ. ತರ್ಕ ಇಲ್ಲಿಗೆ ಬಂದು ನಿಂತಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ ಅದು. ಕನ್ನಡ ಜಿಲ್ಲೆಗಳೆಲ್ಲ ಒಂದಾಗಬೇಕೆಂದು ಊರೂರಿಗೆ ಸಭೆ. ಲಕ್ಷ್ಮೇಶ್ವರದ ಸಭೆಗೆ ದಲಾಲರೇ ಅಧ್ಯಕ್ಷರು. ಏಕೀಕರಣಕ್ಕೆ ನನ್ನ ವಿರೋಧವಿರಲಿಲ್ಲ, ವಿರೋಧವಿದ್ದದ್ದು ಆ ಅಧ್ಯಕ್ಷರ ಬಗ್ಗೆ. ನನ್ನ ಹಳೆಯ ಬಹುಮಾನಗಳ ಸುದ್ದಿ ಕೇಳಿದ್ದ ಸಂಘಟಕರೊಬ್ಬರು ಹತ್ತು ನಿಮಿಷ ಮಾತಾಡು ಎಂದು ಕರೆಕಳಿಸಿದರು. ನಾನು ಭಾಷಣ ಬರೆದೆ. ಕೊನೆಯಲ್ಲಿ ಸೀಳಿದ ಕರಡಿಗೆಯನ್ನು ಜೇಬಿನಿಂದ ತೆಗೆದು ಎತ್ತಿ ಹಿಡಿಯುವುದೆಂದು ತೀರ್ಮಾನ.

ಅವ್ವನಿಗೆ ಓದಿ ತೋರಿಸಿದೆ. ಆಕೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಮಂದಿ ಚಪ್ಪಾಳಿ ಹೊಡೀತಾರ. ಆಮ್ಯಾಲ ಅಂವಾ ಎದ್ದು ನಿಂತು, ಇವರಪ್ಪ ಕದ್ದಾನ, ಮಗಾ ಸುಳ್ಳು ಹೇಳಾಕ ಹತ್ಯಾನ ಅಂತಾನ. ಅದಕ್ಕೂ ಹೊಡೀತಾರ."

ಆಕೆ ಶಾಲೆಗೆ ಹೋದವಳಲ್ಲ. ನಾನು ಐದು ವರ್ಷ ಚರ್ಚಾಕೂಟದಲ್ಲಿ ಕಲಿತದ್ದನ್ನು ಆಕೆ ಎರಡು ಸಾಲಿನಲ್ಲಿ ಮುರಿದುಹಾಕಿದಳು. ನನ್ನ ಹತ್ತಿರ ಇದ್ದದ್ದು ಒಂದು ಒಡೆದ ಕರಡಿಗೆ. ಅದರಲ್ಲಿ ತಾಮ್ರ ಬೆರೆಸಿದವನು ಅಪ್ಪನೇ ಅಂದರೆ ಏನು ಹೇಳಲಿ? ಸಾಕ್ಷಿ ಇದ್ದದ್ದು ಅಜ್ಜಿಯ ಗಂಟಿನಲ್ಲಿ. ಅಪ್ಪನಿಗೆ ಕೊಟ್ಟು ಉಳಿದ ರೂಪಾಯಿ ಇನ್ನೂ ಅದರಲ್ಲಿರಬೇಕು. ಗಂಟು ತೆರೆಯುವ ಹಕ್ಕು ಅಜ್ಜಿಗೊಬ್ಬಳಿಗೇ.

ಭಾಷಣವನ್ನು ಕುಲುಮೆಗೆ ಹಾಕಿದೆ, ಸಭೆಗೆ ಹೋಗಲಿಲ್ಲ. ಸಭೆಯ ಮರುದಿನ, ದಲಾಲರು ಮನೆಯಲ್ಲಿರುವ ಹೊತ್ತು ನೋಡಿ, ಒರೆಗಲ್ಲು, ತೇಜಾಬಿನ ಸೀಸೆ, ಎರಡು ಬಗೆಯ ರೂಪಾಯಿ, ಒಡೆದ ಕರಡಿಗೆ ಚೀಲದಲ್ಲಿಟ್ಟುಕೊಂಡು ಲಕ್ಷ್ಮೇಶ್ವರಕ್ಕೆ ಹೊರಟೆ. ಅಪ್ಪ ಹೊಸ್ತಿಲಿನಿಂದ ಎದ್ದು ಚಪ್ಪಲಿ ಮೆಟ್ಟಿದ.

"ನೀ ಯಾಕ?"

"ನಾ ಬಡದದ್ದು ಏನಂತ ನನಗೂ ಗೊತ್ತಾಗಬೇಕಲ್ಲ."

ಕಟ್ಟೆಯ ಮೇಲೆ ದಲಾಲರು ಚಹಾ ಕುಡಿಯುತ್ತಿದ್ದರು. ಹಿಂದಿನ ದಿನದ ಹಾರದ ವಾಸನೆ ಇನ್ನೂ ಮೈಮೇಲಿತ್ತು. ಅಪ್ಪನನ್ನು ನೋಡಿ ಬಟ್ಟಲು ಕೆಳಗಿಟ್ಟರು.

"ಮತ್ತ್ಯಾಕ ಬಂದಿ?"

ನಾನು ಅವರಿಗೆ ಉತ್ತರ ಹೇಳಲಿಲ್ಲ. ಒಳಗೆ ಕೇಳುವ ಹಾಗೆ ಕೂಗಿದೆ: "ಆಯಿ, ನಾ ಪತ್ತಾರ ಮಗ. ನಿಮ್ಮ ಲಿಂಗ ಯಾಕ ಬಿತ್ತಂತ ಹೇಳಾಕ ಬಂದೇನಿ."

ಅಜ್ಜಿ ಗೋಡೆ ಹಿಡಿದು ಹೊರಗೆ ಬಂದಳು. ಎದೆಯ ಮೇಲೆ ಬಿಳಿ ಬಟ್ಟೆಯ ಸಣ್ಣ ಗಂಟು. "ಹೇಳು," ಅಂದಳು.

ಹೇಳಿದೆ. ಎರಡು ಬಗೆಯ ರೂಪಾಯಿಯನ್ನೂ ಎರಡು ಗೆರೆಯನ್ನೂ ಕಲ್ಲಿನ ಮೇಲೆ ತೋರಿಸಿದೆ. ಒಡೆದ ಕರಡಿಗೆಯ ಗೆರೆ ಹಸಿರು ಇಳಿದದ್ದನ್ನು ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. ಓಣಿಯಲ್ಲಿ ನಾಲ್ಕು ಮಂದಿ ನಿಂತರು, ಆಮೇಲೆ ಹದಿನೈದು.

"ಇದು ನಿಮ್ಮಪ್ಪ ಬೆರಸಿದ್ದು ಇರಬಹುದಲ್ಲ?" ಅಂದಳು ಅಜ್ಜಿ.

"ಇರಬಹುದು. ಅದಕ್ಕ ಹೇಳ್ತೇನಿ, ನಿಮ್ಮ ಗಂಟಿನಾಗ ಉಳದದ್ದು ತರ್ರಿ. ಅದಕ್ಕ ನಮ್ಮಪ್ಪ ಕೈ ಹಚ್ಚಿಲ್ಲ."

"ಅವ್ವಾ, ಪೂಜಾದ ರೂಪಾಯಿ ಅವು!" ದಲಾಲರು ಎದ್ದುನಿಂತರು. "ಈ ನಾಸ್ತಿಕನ ಮಾತು ಕೇಳಿ ಲಕ್ಷ್ಮೀನ ಬೀದ್ಯಾಗ ತಿಕ್ಕಸ್ತೀ ಏನು?"

ಅಜ್ಜಿ ಮಗನ ಮುಖ ನೋಡಿದಳು. ಆಕೆ ಏನು ಯೋಚಿಸಿದಳೋ ನನಗೆ ಗೊತ್ತಿಲ್ಲ, ಊಹಿಸಿ ಬರೆಯುವುದಿಲ್ಲ. "ಲಿಂಗಾನ ಬಿದ್ದ ಮ್ಯಾಲ ಲಕ್ಷ್ಮಿದೇನು," ಅಂದು ಒಳಗೆ ಹೋಗಿ ಹಳದಿ ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದಳು.

ಹುಣಸೆನೀರಿನಲ್ಲಿ ತೊಳೆದೆ. ಅರಿಷಿಣ ಹೋಯಿತು. ಅಂಚುಗಳು ಕಂಡವು. ಎಲ್ಲದಕ್ಕೂ ನಡುವೆ ಆ ಕಾಲುವೆ. ಒಂದರ ಮೇಲೂ ರಾಣಿಯ ಮುಖವಿರಲಿಲ್ಲ. ಒಂದೊಂದಾಗಿ ಕಲ್ಲಿಗೆ ಎಳೆದು ತೇಜಾಬು ಹಾಕಿದೆ. ಹಸಿರು, ಹಸಿರು, ಮತ್ತೆ ಹಸಿರು. ಎರಡಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಂದೊಂದು ಗೆರೆಗೂ ದಲಾಲರ ಮುಖ ನೋಡುತ್ತಿದ್ದೆ.

"ಹಳೇ ರೂಪಾಯಿ ಸರಕಾರ ವಾಪಸ್ ಕರೀತು," ಅಂದರು ಅವರು. "ನಡಿಯೂದಿಲ್ಲ ಅಂತ ಡಂಗುರಾ ಸಾರಿದ್ರು. ಅವ್ವನ ರೊಕ್ಕ ಹಾಳಾಗಬಾರದಂತ ಬದಲಿ ಮಾಡಿಟ್ಟೆ. ಅದರಾಗ ತಪ್ಪೇನೈತಿ?"

ಒಪ್ಪುತ್ತೇನೆ, ಅದು ಒಳ್ಳೆಯ ವಾದ. ಸರಕಾರ ಕರೆದದ್ದೂ ಖರೆ. ಆದರೆ ಅದಕ್ಕೆ ನಾನು ಸಿದ್ಧನಾಗಿದ್ದೆ.

"ಬದಲಿ ಮಾಡಿದ್ದು ತಪ್ಪಲ್ರಿ ದಲಾಲರ. ಬದಲಿ ಮಾಡಿದವ್ರು ತಾಯಿಗೆ ಹೇಳಬೇಕು. ನೀವು ಹೇಳಲಿಲ್ಲ, ಅರಿಷಿಣಾ ಹಚ್ಚಿದ್ರಿ. ಹೊಸಾ ರೂಪಾಯಿಗೆ ಹಳೇ ಅರಿಷಿಣಾ ಯಾಕ ಬೇಕಾತು?"

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅಜ್ಜಿ ಕೇಳಿದಳು: "ನನ್ನ ತವರಿನ ರೂಪಾಯಿ ಎಲ್ಲ್ಯದಾವು?"

ದಲಾಲರ ಬಲಗೈ ತಾನಾಗಿ ಎದೆಗೆ ಹೋಯಿತು. ಅಂಗಿಯ ಒಳಗೆ ಅವರ ಕರಡಿಗೆ. ಅಪ್ಪನಿಗೆ ಕೊಡದೆ ಗದಗಿನಲ್ಲಿ ಮಾಡಿಸಿದ್ದು, ದಪ್ಪನೆಯದು, ಊರೆಲ್ಲ ನೋಡಿ ಹೊಗಳಿದ್ದು. ರಾಣಿ ಛಾಪಿನ ಬೆಳ್ಳಿ ಎಲ್ಲಿದೆಯೆಂದು ಆ ಕೈಯೇ ಹೇಳಿತು.

ನಾನು ಗೆದ್ದಿದ್ದೆ. ಒಂದು ಕ್ಷಣ.

"ಆತು," ಅಂದರು ದಲಾಲರು, ನನ್ನ ಕಡೆ ತಿರುಗಿ. "ರೂಪಾಯಿ ನಂದ. ಆದರ ನಿಮ್ಮಪ್ಪ ನಲವತ್ತು ವರ್ಷ ಬೆಳ್ಳಿ ಬಡದಾವ. ಬಡಿಯೂಮುಂದ ಇದು ಬೆಳ್ಳಿ ಅಲ್ಲ ಅಂತ ಗೊತ್ತಾಗಲಿಲ್ಲೇನು? ಗೊತ್ತಾಗಿ ಸುಮ್ಮನ ಇದ್ದನೇನು?"

ಐದು ತಿಂಗಳ ಕಸುಬಿನ ನನಗೆ ನಾಲ್ಕನೆಯ ಏಟಿಗೆ ತಿಳಿದದ್ದು ಅಪ್ಪನಿಗೆ ತಿಳಿಯದಿರಲು ಸಾಧ್ಯವಿಲ್ಲ. ಈ ಪ್ರಶ್ನೆ ಎಷ್ಟೋ ದಿನ ನನ್ನೊಳಗೇ ಇತ್ತು. ನಾನು ಅದನ್ನು ಕೇಳಿಕೊಳ್ಳದೆ ಬಿಟ್ಟಿದ್ದೆ. ಎದುರಾಳಿಯ ಅತಿ ಬಲವಾದ ಮಾತನ್ನು ಮೊದಲು ನೀನೇ ಆಡಿ ನೋಡು ಎಂದು ಚರ್ಚಾಕೂಟದಲ್ಲಿ ಕಲಿಸಿದ್ದರು. ಸೇಡಿನ ಅವಸರದಲ್ಲಿ ಆಡಿ ನೋಡಿರಲಿಲ್ಲ.

ಅಪ್ಪ ಮುಂದೆ ಬಂದ.

"ಗೊತ್ತಾತು," ಅಂದ. "ಬಿಳೇ ಹೊಗಿ ಬಂತು. ಸುತ್ತಿಗಿ ಪುಟೀತು. ಅಜ್ಜೀ ಗಂಟಿನ ಮ್ಯಾಲ ಸಂಶೆ ಪಡಬಾರದಂತ ನನ್ನ ಬೆಂಕೀ ಮ್ಯಾಲ ಸಂಶೆ ಪಟ್ಟೆ. ಬಡದು ಮುಗಿಸಿ ಕೊಟ್ಟೆ. ಲಿಂಗ ಬಿದ್ದದ್ದಕ್ಕ ನಾನೂ ಕಾರಣ. ಆಯಿ, ಕೈ ಮುಗೀತೇನಿ, ಅದನ್ನ ಹೊಟ್ಟ್ಯಾಗ ಹಾಕ್ಕೊರಿ. ಆದರ ನಾ ಕದ್ದಿಲ್ಲ."

ಎರಡು ವರ್ಷದಲ್ಲಿ ಅಪ್ಪ ಆಡಿದ ಅತಿ ದೊಡ್ಡ ಮಾತು ಅದು. ಅವನ ನಿರಪರಾಧಿತ್ವವನ್ನು ಸಾಧಿಸಲು ಹೋದ ನಾನು ಅವನ ಬಾಯಿಂದಲೇ ತಪ್ಪೊಪ್ಪಿಗೆ ತೆಗೆಸಿದ್ದೆ. ನೋಯಿತು. ಆದರೆ ಓಣಿ ಕೇಳಿದ್ದನ್ನು ನಾನೂ ಕೇಳಿದೆ: ಒಬ್ಬ ತನ್ನ ಪಾಲಿನ ತಪ್ಪನ್ನು ಹೇಳಿದ, ಇನ್ನೊಬ್ಬ ಹೇಳಲಿಲ್ಲ.

ಅಜ್ಜಿಯ ತೀರ್ಮಾನಕ್ಕೆ ಹೊತ್ತು ಹಿಡಿಯಲಿಲ್ಲ. "ಪತ್ತಾರ, ನೀ ನನಗ ಹೊಸಾ ಕರಡಗಿ ಮಾಡು. ಇಲ್ಲೆ, ಈ ಕಟ್ಟೀ ಮ್ಯಾಲ. ಬೆಳ್ಳಿ ಇವನ ಕೊರಳಾಗಿಂದು. ತಿದಿ ಇಂವಾ ಒತ್ತತಾನ."

"ಅವ್ವಾ!"

"ಒತ್ತು. ಮಂದಿ ಕೇಳಿದ್ರ ಯಾಕ ಒತ್ತಾಕ ಹತ್ತೇನಿ ಅಂತ ಹೇಳು. ನೀ ಹೇಳಲಿಲ್ಲಂದ್ರ ನಾ ಹೇಳ್ತೇನಿ."

ದಲಾಲರು ಒಳಗೆ ಹೋಗಿ ತಮ್ಮ ಲಿಂಗವನ್ನು ಮಡಿಬಟ್ಟೆಯಲ್ಲಿ ಕಟ್ಟಿಕೊಂಡು ಬರಿ ಕರಡಿಗೆ ತಂದಿಟ್ಟರು. ಮರುದಿನ ಮುಂಜಾನೆ ಕಟ್ಟೆಯ ಮೇಲೆ ಕುಲುಮೆ ಹೂಡಿದೆವು. ಅಪ್ಪ ಎರಡು ವರ್ಷದ ಮೇಲೆ ಇಕ್ಕಳ ಹಿಡಿದ. ಎದುರಿಗೆ ಧೋತರ ಎತ್ತಿಕಟ್ಟಿ ದಲಾಲರು, ಕುಲುಮೆಗೆ ಗಾಳಿ ಊದುವ ತಿದಿಯ ಕಟ್ಟಿಗೆ ಹಿಡಿದು. ಓಣಿಯ ತುದಿಯಲ್ಲಿ ಹತ್ತಿಯ ಗಾಡಿಗಳು ಹಾದು ಹೋಗುವ ದಾರಿ.

"ಏನ್ರಿ ದಲಾಲರ, ಹತ್ತಿ ಬಿಟ್ಟು ತಿದಿ ಹಿಡದ್ರಿ?" ಗಾಡಿಯವನೊಬ್ಬ ಕೇಳಿದ.

ಬಾಗಿಲಲ್ಲಿ ಕೂತ ಅಜ್ಜಿ ಕೆಮ್ಮಿದಳು.

"ಅವ್ವನ ರೂಪಾಯಿ ಬದಲಿ ಮಾಡಿದ್ದೆ," ಅಂದರು ದಲಾಲರು, ನೆಲ ನೋಡುತ್ತ. "ಪತ್ತಾರಂದೇನೂ ತಪ್ಪಿರಲಿಲ್ಲ."

"ಏನಂದ್ರಿ? ಎತ್ತಿನ ಗಂಟಿ ಸಪ್ಪಳದಾಗ ಕೇಳಲಿಲ್ರಿ."

ಮತ್ತೆ ಹೇಳಿದರು. ಅಪ್ಪ ತಲೆ ಎತ್ತದೆ ಅಂದ: "ತಪ್ಪು ನಂದೂ ಇತ್ತು. ಕದ್ದಿಲ್ಲ ಅಂತ ಹೇಳ್ರಿ, ಸಾಕು." ಅಂದಿನಿಂದ ಅವರು ಹಾಗೆಯೇ ಹೇಳತೊಡಗಿದರು.

ಎರಡು ದಿನದ ಕೆಲಸ ಅದು. ನಾನು ಮೂರನೆಯ ದಿನಕ್ಕೆ ಎಳೆದೆ. ಮೊದಲ ಸಲ ಕರಗಿಸಿದ್ದಕ್ಕೆ ಇದ್ದಿಲಿನ ಕಸ ಬಿದ್ದಿದೆ ಎಂದು ಎರಡನೆಯ ಸಲ ಕರಗಿಸಿದೆ. ಬಿದ್ದಿದ್ದು ಖರೆ, ಆದರೆ ಚಿಮಟದಿಂದ ತೆಗೆದರೆ ಆಗುತ್ತಿತ್ತು. ತಗಡನ್ನು ಅಗತ್ಯಕ್ಕಿಂತ ಎರಡು ಸಲ ಹೆಚ್ಚು ಕಾಸಿಸಿದೆ. "ಒತ್ತ್ರಿ ದಲಾಲರ, ಬೆಂಕಿ ಇಳೀತು," ಎಂದು ನಾನು ಅಂದಾಗಲೆಲ್ಲ ಅವರ ಭುಜ ನಡುಗುತ್ತಿತ್ತು. ಅಂಗೈಯಲ್ಲಿ ಬೊಕ್ಕೆ ಎದ್ದವು. ಅಜ್ಜಿ ನೋಡಿದಳು, ತಡೆಯಲಿಲ್ಲ. ಶಿರಹಟ್ಟಿಯಿಂದ ಸಂತೆಗೆ ಬಂದವರು ಕೂಡ ಆ ಓಣಿಯಿಂದಲೇ ಹಾದು ಹೋದರು. ನನಗೆ ಇಂದಿಗೂ ಆ ಮೂರು ದಿನಗಳ ಬಗ್ಗೆ ಪಶ್ಚಾತ್ತಾಪವಿಲ್ಲ. ಆಗಬೇಕೆಂದು ಹೇಳುವವರು ಮೊದಲು ಅಪ್ಪನ ಹಾಗೆ ಎರಡು ವರ್ಷ ಹೊಸ್ತಿಲ ಮೇಲೆ ಕೂತು ನೋಡಲಿ.

ಮೂರನೆಯ ದಿನ ಮಧ್ಯಾಹ್ನ ಕರಡಿಗೆ ಮುಗಿಯಿತು. ಅಪ್ಪ ಹುಳಿನೀರಿನಿಂದ ತೆಗೆದು, ಒರೆಸಿ, ಮುಚ್ಚಳ ಹಾಕಿ, ನನ್ನ ಕೈಗೆ ಕೊಟ್ಟ. ಬೆಣಚುಕಲ್ಲು ಹಾಕಿ ತಲೆಕೆಳಗು ಹಿಡಿದೆ. ಅಲ್ಲಾಡಿಸಿದೆ. ಜರುಗಲಿಲ್ಲ. ಬೆರಳಿನಿಂದ ತೆಗೆದರೆ ಬಂತು, ಒತ್ತಿದರೆ ಮೆತ್ತಗೆ ಕಚ್ಚಿತು. ಅಂಥ ಕಂಠವನ್ನು ನಾನು ಮಾಡಿರಲಿಲ್ಲ, ಇಂದಿಗೂ ಮಾಡಿಲ್ಲ.

"ಸ್ವಲ್ಪ ಸಡಲೈತಿ," ಅಂದೆ. "ಕಂಠ ತಗದು ಇನ್ನೊಮ್ಮಿ ಬೆಸೀಬೇಕು. ನಾಳೆ ಮುಗಸೂಣು."

ದಲಾಲರು ಕಣ್ಣು ಮುಚ್ಚಿದರು.

ಅಪ್ಪ ನನ್ನನ್ನು ನೋಡಿದ. ಸುತ್ತಿಗೆಯ ಹಿಡಿಯನ್ನು ನನ್ನ ಕಡೆ ತಿರುಗಿಸಿ ಚಾಚಿದ. "ನಿನಗ ಸಡಲ ಕಾಣಸ್ತೈತಲ್ಲ? ನೀನ ಬಿಚ್ಚು."

ಸುತ್ತಿಗೆ ಹಿಡಿದೆ. ಕರಡಿಗೆಯನ್ನು ಅಡಿಗಲ್ಲಿನ ಮೇಲಿಟ್ಟೆ. ಇನ್ನೊಂದು ದಿನ ಆ ಮನುಷ್ಯ ಓಣಿಯ ಮುಂದೆ ತಿದಿ ಒತ್ತಬೇಕೆಂಬುದು ನನಗೆ ಬಹಳ ಬೇಕಾಗಿತ್ತು. ಅದಕ್ಕೆ ಮಾಡಬೇಕಾದದ್ದು ಇಷ್ಟೇ: ಚೆನ್ನಾಗಿರುವ ಕೆಲಸವನ್ನು ಕೆಟ್ಟಿದೆ ಅನ್ನಬೇಕು. ಅಪ್ಪ ಒಮ್ಮೆ ಕೆಟ್ಟ ಬೆಳ್ಳಿಯನ್ನು ಚೆನ್ನಾಗಿದೆ ಅಂದುಕೊಂಡು ಸುಮ್ಮನಿದ್ದ. ಈಗ ಅವನು ಏನೂ ಹೇಳದೆ, ನಾನು ಏನು ಹೇಳುತ್ತೇನೋ ಕೇಳಲು ಕೂತಿದ್ದ.

ಸುತ್ತಿಗೆ ಕೆಳಗಿಟ್ಟೆ. "ಇಲ್ಲ. ಸರಿ ಐತಿ," ಅಂದೆ.

ಅಪ್ಪ ಕರಡಿಗೆಯನ್ನು ಎರಡೂ ಕೈಯಲ್ಲಿ ಒಯ್ದು ಅಜ್ಜಿಗೆ ಕೊಟ್ಟ. ಓಣಿಯಿಂದ ಒಬ್ಬ ಹೆಣ್ಣುಮಗಳು ಕೂಗಿ ಕೇಳಿದಳು: "ಪತ್ತಾರ್ರ, ನಾಳೆ ನಮ್ಮ ಮನಿಗೆ ಬರ್ತೀರೇನು? ಮಗಳ ಕಾಲುಂಗರಾ ಮಾಡಬೇಕಾಗೇತಿ."

"ಬರ್ತೇನ್ರಿ. ಕಲ್ಲು ತಗೊಂಡ ಬರ್ತೇನಿ, ಎಲ್ಲಾನೂ ತಿಕ್ಕಿ ನೋಡ್ತೇನಿ. ನಡೀತೈತೇನು?"

"ನಡೀತೈತ್ರಿ, ಬರ್ರಿ."

ದಲಾಲರು ತಿದಿ ಬಿಟ್ಟು ಬೊಕ್ಕೆಯೆದ್ದ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. ಕೇಳಿದ್ದು ತಾಯಿಯನ್ನಲ್ಲ, ಅಪ್ಪನನ್ನಲ್ಲ, ನನ್ನನ್ನು.

"ನಾ ಇನ್ನ ಏಳಲ್ಯಾ?"

ಮುಚ್ಚಳದ ಬಗ್ಗೆ ಹೇಳಿದ ಸುಳ್ಳನ್ನು ನಾನು ಹಿಂತೆಗೆದುಕೊಂಡಿದ್ದೆ. ಕ್ಷಮಿಸಿದೆನೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಕೆಂಡ ಆರೂತನಾ ಕುಂಡ್ರಿ," ಅಂದೆ.

ಕೂತರು. ಜಾಲಿಮರದ ಇದ್ದಿಲು, ಬೇಗ ಆರುವುದಲ್ಲ. ನಾನೂ ಎದುರಿಗೆ ಕೂತೆ.